ಗಮನಿಸದೆ ಹೋದ ಓಲೆ

ಇಸ್ತಾಂಬುಲ್ ನಗರದಲ್ಲಿ ಚುಕುರ್‌ಜುಮಾ ಎಂಬುದೊಂದು ಹಳೆಯ ಬಡಾವಣೆ. ಇಳಿಜಾರಾದ ಇಕ್ಕಟ್ಟಿನ ಓಣಿಗಳು; ಓಣಿಗಳ ಎರಡು ಬದಿಗೂ ಹಳೆಯ ಸಾಮಾನುಗಳ ಅಂಗಡಿಗಳು. ಅಲ್ಲಿನ ಒಂದು ಮೂಲೆಯಲ್ಲಿ ಕಡುಗೆಂಪು ಬಣ್ಣ ಬಳಿದ ಮನೆಯೊಂದಿದೆ. ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಗೋಡೆಯ ಉದ್ದಗಲಕ್ಕೂ ಸಾಲುಸಾಲಾಗಿ ಸಿಕ್ಕಿಸಿಟ್ಟಿರುವ ಸೇದಿದ ಸಿಗರೇಟಿನ ತುಂಡುಗಳು. ಅವುಗಳ ಸಂಖ್ಯೆ 4,213. ತುಂಡುಗಳ ಕೆಳಗೆ ಕೈಬರಹದ ಪುಟ್ಟ ಟಿಪ್ಪಣಿಗಳು. ಎಲ್ಲವೂ ಫೂಸುನ್ ಎಂಬ ಹೆಣ್ಣು ಸೇದಿ ಬಿಸುಟವು. ಆ ಫೂಸುನ್ ಈ ಭೂಮಿಯ ಮೇಲೆ ಎಂದೂ ಹುಟ್ಟಿದವಳಲ್ಲ.

ಅವಳು ಹುಟ್ಟಿದ್ದು ಓರ್ಹಾನ್ ಪಾಮುಕ್ ಅವರ ಲೇಖನಿಯಲ್ಲಿ. 2006ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಈ ತುರ್ಕಿ ಕಾದಂಬರಿಕಾರರು 2008ರಲ್ಲಿ ‘ಮಾಸೂಮಿಯೆತ್ ಮ್ಯೂಜೆಸಿ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ‘ಮುಗ್ಧತೆಯ ವಸ್ತುಸಂಗ್ರಹಾಲಯ’ ಎಂದು ಅದರ ಅರ್ಥ. ಮರುವರ್ಷ ಅದು ಇಂಗ್ಲಿಷಿಗೆ ಬಂದಿತು. 2012ರ ಏಪ್ರಿಲ್ ತಿಂಗಳಲ್ಲಿ, ಕಾದಂಬರಿಯಲ್ಲಿ ಬರುವ ಆ ಮನೆಯೂ ನಿಜವಾಗಿಯೇ ಬಾಗಿಲು ತೆರೆಯಿತು. ಪುಸ್ತಕದಲ್ಲಿ 83 ಅಧ್ಯಾಯಗಳು; ಮನೆಯಲ್ಲಿ ಅಧ್ಯಾಯಕ್ಕೊಂದರಂತೆ ಗಾಜಿನ ಪೆಟ್ಟಿಗೆಗಳು. ಕಾದಂಬರಿ ಯಶಸ್ವಿಯಾಯಿತೆಂದು ಆಮೇಲೆ ಹುಟ್ಟಿದ ಪ್ರದರ್ಶನವಲ್ಲ ಇದು. ಪಾಮುಕ್ ಅವರು ಎಷ್ಟೋ ವರ್ಷ ಮೊದಲೇ ಆ ಮನೆಯನ್ನು ಕೊಂಡು, ಸುತ್ತಲಿನ ಅಂಗಡಿಗಳಲ್ಲಿ ಉಪ್ಪಿನ ಬುಡ್ಡಿ, ಗಡಿಯಾರ, ಲೋಟ, ಉಡುಪುಗಳನ್ನು ಆಯ್ದು ತಂದು, ಅವನ್ನು ಎದುರಿಗಿಟ್ಟುಕೊಂಡು ಕಥೆ ಹೆಣೆದರು. ಕಲ್ಪನೆಯನ್ನು ಹೀಗೆ ಕೈಗೆ ಸಿಗುವ ವಸ್ತುಗಳಿಂದ ಕಟ್ಟಿದ ಇನ್ನೊಬ್ಬ ಕಾದಂಬರಿಕಾರರನ್ನು ಹೆಸರಿಸುವುದು ಸುಲಭವಲ್ಲ.

ಕಥೆಯ ಎಳೆ ಸರಳವಾದುದು. 1975ನೆಯ ಇಸವಿ. ಶ್ರೀಮಂತರ ಬಡಾವಣೆಯಾದ ನಿಶಾಂತಾಶಿಯ ಕೆಮಾಲನಿಗೆ ಮೂವತ್ತು ವರ್ಷ. ವಿದ್ಯಾವಂತೆಯೂ ಸ್ಥಿತಿವಂತರ ಮಗಳೂ ಆದ ಸಿಬೆಲಳೊಡನೆ ಅವನ ಮದುವೆ ನಿಶ್ಚಯವಾಗಲಿದೆ. ಅವಳಿಗಾಗಿ ಒಂದು ಕೈಚೀಲ ಕೊಳ್ಳಲು ಅಂಗಡಿ ಹೊಕ್ಕಾಗ, ಮಾರುವ ಹುಡುಗಿ ದೂರದ ನಂಟಿನವಳೇ ಆದ ಫೂಸುನ್ ಎಂಬುದು ಅವನಿಗೆ ತಿಳಿಯುತ್ತದೆ. ಅವಳಿಗೆ ಹದಿನೆಂಟು. ಕೈಚೀಲ ನಕಲಿ ಮಾಲೆಂದು ಸಿಬೆಲ್ ಕಂಡುಹಿಡಿಯುತ್ತಾಳೆ. ಹಿಂದಿರುಗಿಸಲು ಹೋದ ಕೆಮಾಲನು ತನ್ನ ಮನಸ್ಸನ್ನು ಅಲ್ಲೇ ಬಿಟ್ಟು ಬರುತ್ತಾನೆ. ಗಣಿತ ಹೇಳಿಕೊಡುವ ನೆಪದಿಂದ ತಾಯಿಗೆ ಸೇರಿದ ಖಾಲಿ ಮನೆಯೊಂದರಲ್ಲಿ ಇಬ್ಬರೂ ಕೆಲವು ವಾರ ಸಂಧಿಸುತ್ತಾರೆ. ಆ ಕಟ್ಟಡದ ಹೆಸರು ‘ಮೆರ್ಹಾಮೆತ್’, ಎಂದರೆ ಕರುಣೆ. ಅಲ್ಲಿ ಒಂದು ಮಧ್ಯಾಹ್ನ ಫೂಸುನಳ ಕಿವಿಯಿಂದ ಒಂದು ಓಲೆ ಜಾರಿ ಬೀಳುತ್ತದೆ. ಅದೇ ತನ್ನ ಬಾಳಿನ ಪರಮಸುಖದ ಘಳಿಗೆಯಾಗಿತ್ತೆಂದು ಕೆಮಾಲನಿಗೆ ಅರಿವಾಗುವುದು ಬಹಳ ತಡವಾಗಿ.

ಆದರೂ ಅವನು ಸಿಬೆಲಳೊಡನೆ ನಿಶ್ಚಿತಾರ್ಥ ಮಾಡಿಕೊಳ್ಳುತ್ತಾನೆ. ಎರಡನ್ನೂ ಉಳಿಸಿಕೊಳ್ಳಬಹುದೆಂಬ ಹಣವಂತನ ಹಂಚಿಕೆ ಅದು. ಹಿಲ್ಟನ್ ಹೋಟೆಲಿನ ಆ ಔತಣಕ್ಕೆ ತಂದೆತಾಯಿಗಳೊಡನೆ ಬಂದ ಫೂಸುನ್ ಆಮೇಲೆ ಕಣ್ಮರೆಯಾಗುತ್ತಾಳೆ. ಕೆಮಾಲನು ಊರೆಲ್ಲ ಹುಡುಕುತ್ತಾನೆ. ನಿಶ್ಚಿತಾರ್ಥ ಮುರಿಯುತ್ತದೆ. ಕೊನೆಗೆ ಅವಳು ಸಿಕ್ಕುವುದು ಚುಕುರ್‌ಜುಮಾದ ಆ ಮನೆಯಲ್ಲಿ. ಆಗ ಅವಳು ಚಲನಚಿತ್ರ ತೆಗೆಯುವ ಹಂಬಲದ ಫೆರಿದೂನ್ ಎಂಬ ತರುಣನ ಹೆಂಡತಿ.

ಇಲ್ಲಿಂದಾಚೆಗೆ ಪಾಮುಕ್ ಅವರು ಕೈಹಾಕಿದ್ದು ಸಾಮಾನ್ಯ ಕಾದಂಬರಿಕಾರರು ಅಂಜುವ ಕೆಲಸಕ್ಕೆ. ಏಳು ವರ್ಷ ಹತ್ತು ತಿಂಗಳ ಕಾಲ ಕೆಮಾಲನು ಆ ಮನೆಗೆ ರಾತ್ರಿಯ ಊಟಕ್ಕೆ ಹೋಗುತ್ತಾನೆ. ಒಟ್ಟು 1,593 ಊಟಗಳು! ಫೂಸುನಳ ತಂದೆ ತಾರಿಕ್ ಬೇ, ತಾಯಿ ನೆಸಿಬೆ, ಗಂಡ, ಆಮೇಲೆ ಅವಳು. ಎಲ್ಲರೂ ಊಟದ ಮೇಜಿನ ಸುತ್ತ ಕುಳಿತು ಟೆಲಿವಿಷನ್ ನೋಡುತ್ತಾರೆ. ಏನೂ ನಡೆಯುವುದಿಲ್ಲ. ‘ಕೆಲವೊಮ್ಮೆ’ ಎಂಬ ಮಾತಿನಿಂದಲೇ ವಾಕ್ಯಗಳೆಲ್ಲ ತೊಡಗುವ ಒಂದು ಇಡೀ ಅಧ್ಯಾಯವೇ ಇದೆ. ಕೆಲವೊಮ್ಮೆ ಮೌನ, ಕೆಲವೊಮ್ಮೆ ನಗೆ, ಕೆಲವೊಮ್ಮೆ ಮಳೆ. ಈ ಭಾಗ ಅತಿಯಾಗಿ ಬೆಳೆಯಿತೆಂದು ಆಕಳಿಸಿ ಪುಸ್ತಕವನ್ನು ಮುಚ್ಚಿಟ್ಟವರು ಇಲ್ಲದಿರಲಾರರು. ಆ ದೂರಿನಲ್ಲಿ ಸತ್ಯವೂ ಇದೆ. ಆದರೆ ಕಾಯುವುದೆಂದರೆ ಏನೆಂಬುದನ್ನು ಹತ್ತು ಪುಟಗಳಲ್ಲಿ ಹೇಳಿದರೆ ಅದು ಸಮಾಚಾರವಾಗುತ್ತದೆ. ನೂರಾರು ಪುಟ ಓದಿಸಿದರೆ ಓದುಗನೂ ಕಾದವನಾಗುತ್ತಾನೆ. ಪ್ರತಿ ಸಂಜೆ ಏಳುವ ಹೊತ್ತಿಗೆ ಏಳಲಾರದೆ ಕುರ್ಚಿಗೆ ಅಂಟಿಕೊಳ್ಳುವ ಕೆಮಾಲನ ಅವಸ್ಥೆ ನಗು ಬರಿಸುತ್ತದೆ. ಆ ನಗುವಿನ ಮಧ್ಯೆ ಎಲ್ಲಿಯೋ ಗಂಟಲು ಬಿಗಿಯುತ್ತದೆ.

ಹೋದಾಗಲೆಲ್ಲ ಅವನು ಏನಾದರೊಂದನ್ನು ಜೇಬಿಗಿಳಿಸುತ್ತಾನೆ. ಉಪ್ಪಿನ ಬುಡ್ಡಿ, ಟೆಲಿವಿಷನ್ ಮೇಲಿನ ಪಿಂಗಾಣಿ ನಾಯಿ, ಅವಳ ತುಟಿ ಸೋಕಿದ ಸಿಗರೇಟಿನ ತುಂಡು. 1980ರ ಸೆಪ್ಟೆಂಬರಿನಲ್ಲಿ ತುರ್ಕಿಯ ಸೈನ್ಯವು ಆಡಳಿತವನ್ನು ವಶಪಡಿಸಿಕೊಂಡ ಮೇಲಿನ ಕರ್ಫ್ಯೂ ದಿನಗಳಲ್ಲಿ, ಆ ಮನೆಯಿಂದ ಎತ್ತಿ ತಂದ ಹಣ್ಣು ತುರಿಯುವ ತುರಿಮಣೆಯೊಂದಿಗೆ ಅವನು ಸಿಪಾಯಿಗಳ ಕೈಗೆ ಸಿಕ್ಕಿಬೀಳುತ್ತಾನೆ. ದೇಶವೇ ಹೊತ್ತಿ ಉರಿಯುತ್ತಿರುವಾಗ ಇವನ ಚಿಂತೆ ಒಂದು ತುರಿಮಣೆ. ಮನೆಯವರಿಗೆ ಈ ಕಳವು ತಿಳಿಯದೆಯೂ ಇಲ್ಲ. ತಿಳಿದೂ ತಿಳಿಯದಂತಿರುವ, ಕಳೆದುದರ ಜಾಗದಲ್ಲಿ ಅವನೇ ತಂದಿಡುವ ಹೊಸದನ್ನು ಸ್ವೀಕರಿಸುವ ಆ ಕುಟುಂಬದ ಸಂಕೋಚವನ್ನು ನಮ್ಮ ಮಧ್ಯಮ ವರ್ಗದ ಮನೆಗಳವರಿಗೆ ಯಾರೂ ವಿವರಿಸಬೇಕಾಗಿಲ್ಲ.

ವಿರಹಿಯು ಪ್ರಿಯೆಯ ವಸ್ತುವನ್ನು ಎದೆಗೊತ್ತಿಕೊಳ್ಳುವುದು ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. ಹನುಮಂತನು ತಂದಿತ್ತ ಚೂಡಾಮಣಿಯನ್ನು ಕಂಡು ರಾಮನು ಕಣ್ಣೀರಿಡುತ್ತಾನೆ. ಬಸವಪ್ಪ ಶಾಸ್ತ್ರಿಗಳ ಕನ್ನಡದಲ್ಲಿ ಶಾಕುಂತಲವನ್ನು ಓದಿದವರು, ಬೆಸ್ತನ ಕೈಗೆ ಸಿಕ್ಕಿದ ಉಂಗುರ ದುಷ್ಯಂತನನ್ನು ಹೇಗೆ ಸುಟ್ಟಿತೆಂಬುದನ್ನು ಬಲ್ಲರು. ಆದರೆ ರಾಮನಿಗೆ ಒಂದು ಮಣಿ ಸಾಕಾಯಿತು. ದುಷ್ಯಂತನಿಗೆ ಒಂದು ಉಂಗುರ. ಕೆಮಾಲನಿಗೆ ಒಂದು ಮನೆ ತುಂಬುವಷ್ಟು ಬೇಕಾಯಿತು. ಇದು ಪ್ರೇಮವೋ, ಕೂಡಿಡುವ ಚಪಲವೋ? ಕಾದಂಬರಿಯನ್ನು ಓದಿದವರ ನಡುವೆ ವಾದ ಹುಟ್ಟಬೇಕಾದದ್ದು ಇಲ್ಲಿಯೇ.

ಈ ಪ್ರಶ್ನೆಗೆ ಉತ್ತರ ಫೂಸುನಳಲ್ಲಿದೆ. ಅವಳಿಗೂ ಒಂದು ಹಂಬಲವಿತ್ತು: ಚಿತ್ರನಟಿಯಾಗಬೇಕೆಂಬುದು. ಅದಕ್ಕಾಗಿಯೇ ಎಂಬಂತೆ ಕೆಮಾಲನು ಹಣ ಹೂಡಿ ಚಿತ್ರಸಂಸ್ಥೆಯೊಂದನ್ನೂ ಆರಂಭಿಸುತ್ತಾನೆ. ಆದರೆ ಚಿತ್ರರಂಗದ ಗಂಡಸರ ಕಣ್ಣು ಅವಳ ಮೇಲೆ ಬೀಳಬಾರದು! ಪ್ರಿಯತಮನೂ ಗಂಡನೂ ಒಟ್ಟಾಗಿ ಕಾಲ ತಳ್ಳುತ್ತಾರೆ. ಕೊನೆಗೆ ಚಿತ್ರ ತಯಾರಾದಾಗ ಅದರಲ್ಲಿ ನಟಿಸಿದವಳು ಬೇರೊಬ್ಬಳು. ಎಂಟು ವರ್ಷ ಅವನು ಅವಳನ್ನು ಹಂಬಲಿಸಿದ. ಅವಳು ಹಂಬಲಿಸಿದ್ದೇನೆಂಬುದನ್ನು ತಿಳಿದೂ ತಳ್ಳಿಹಾಕಿದ. ಕಥೆ ಹೇಳುವವನು ಕೆಮಾಲನಾದ್ದರಿಂದ ಈ ಮಾತು ಎಲ್ಲಿಯೂ ಎದ್ದು ಕಾಣುವುದಿಲ್ಲ. ಅವನ ಅಳಲಿನ ಹಿಂದೆ ಅವಳ ಮೌನವನ್ನು ಓದುಗನೇ ಕೇಳಿಸಿಕೊಳ್ಳಬೇಕು. ಕೇಳಿಸಿಕೊಂಡವನು ಅಳುವುದು ಕೆಮಾಲನಿಗಾಗಿ ಅಲ್ಲ.

1984ರಲ್ಲಿ ವಿಚ್ಛೇದನೆಯಾಗಿ, ಇಬ್ಬರೂ ಮದುವೆಯಾಗುವುದೆಂದು ನಿಶ್ಚಯವಾಗುತ್ತದೆ. ತಾಯಿಯೊಡನೆ ಪ್ಯಾರಿಸ್ಸಿನ ಕಡೆಗೆ ಕಾರಿನಲ್ಲಿ ಪ್ರಯಾಣ. ದಾರಿಯ ಹೋಟೆಲಿನಲ್ಲಿ ಒಂದು ರಾತ್ರಿ. ಬೆಳಗ್ಗೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತದೆ. ತನ್ನ ಬಾಳನ್ನು ತಾನು ಬಾಳಲಾಗಲಿಲ್ಲವೆಂಬ ಕೊರಗು ಅವಳ ಬಾಯಿಗೆ ಬರುತ್ತದೆ. ಅವಳು ಮೊದಲ ದಿನಗಳ ಆ ಓಲೆಯನ್ನು ತೊಟ್ಟಿದ್ದಳು. ಅವನು ಅದನ್ನು ಗಮನಿಸಿರಲೇ ಇಲ್ಲ. ಅವಳ ಒಂದೊಂದು ಸಿಗರೇಟಿನ ತುಂಡನ್ನೂ ಎಣಿಸಿ ಇಟ್ಟವನು, ಅವಳ ಕಿವಿಯಲ್ಲಿದ್ದುದನ್ನು ಕಾಣಲಿಲ್ಲ! ದುಷ್ಯಂತನಿಗೆ ಉಂಗುರ ಕಂಡೊಡನೆ ಶಕುಂತಳೆ ನೆನಪಾದಳು. ಇವನಿಗೆ ಶಕುಂತಳೆಯೇ ಪಕ್ಕದಲ್ಲಿ ಕುಳಿತಿದ್ದರೂ ಉಂಗುರ ಕಾಣಿಸಲಿಲ್ಲ. ಕಾರು ನಡೆಸುತ್ತಿದ್ದವಳು ಫೂಸುನ್. ವೇಗ ಹೆಚ್ಚಿತು, ಕಾರು ದಾರಿಬದಿಯ ಮರಕ್ಕೆ ಅಪ್ಪಳಿಸಿತು. ಅವಳು ಉಳಿಯಲಿಲ್ಲ. ಅದು ಅಪಘಾತವೋ ಅಲ್ಲವೋ, ಲೇಖಕರು ಹೇಳುವುದಿಲ್ಲ.

ಬದುಕುಳಿದ ಕೆಮಾಲನು ಪ್ರಪಂಚದ ಸಂಗ್ರಹಾಲಯಗಳನ್ನು ಸುತ್ತಿ ಬಂದು, ಅವಳ ಮನೆಯನ್ನೇ ಸಂಗ್ರಹಾಲಯವಾಗಿಸಿ, ಅದರ ಮಾಳಿಗೆಯಲ್ಲಿ ಮಲಗಿಕೊಂಡು ತನ್ನ ಕಥೆಯನ್ನು ಓರ್ಹಾನ್ ಪಾಮುಕ್ ಎಂಬ ಲೇಖಕನಿಗೆ ಹೇಳುತ್ತಾನೆ. ಹೌದು, ಕಾದಂಬರಿಕಾರರು ತಮ್ಮನ್ನೂ ಪಾತ್ರವಾಗಿ ಒಳಗೆ ಬಿಟ್ಟುಕೊಂಡಿದ್ದಾರೆ. ಇಷ್ಟಾದ ಮೇಲೆ, “ಕೆಮಾಲ್ ಎಂದರೆ ನೀವೇ ಅಲ್ಲವೆ?” ಎಂದು ಓದುಗರು ಅವರನ್ನು ಕೇಳುವುದರಲ್ಲಿ ಆಶ್ಚರ್ಯವೇನು? ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 2009ರಲ್ಲಿ ಕಾದಂಬರಿಯ ಕಲೆಯನ್ನು ಕುರಿತು ಮಾಡಿದ ಉಪನ್ಯಾಸಗಳಲ್ಲಿ ಪಾಮುಕ್ ಅವರೇ ಈ ಪ್ರಶ್ನೆಯನ್ನು ಪ್ರಸ್ತಾಪಿಸಿದ್ದಾರೆ. ಕಥೆ ಕಲ್ಪಿತವೆಂದು ಬಲ್ಲವರೂ ಹಾಗೆ ಕೇಳದೆ ಇರಲಾರರು. ರಸಾನುಭವದಲ್ಲಿ ದುಃಖ ಯಾರದೂ ಅಲ್ಲ, ಆದ್ದರಿಂದಲೇ ಎಲ್ಲರದು ಎಂದ ನಮ್ಮ ಆಲಂಕಾರಿಕರಿಗೆ ಈ ಗೊಂದಲ ಪ್ರಿಯವಾಗುತ್ತಿತ್ತು.

ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಒಂದು ಪ್ರವೇಶಪತ್ರವನ್ನು ಅಚ್ಚುಮಾಡಿದ್ದಾರೆ. ಆ ಪ್ರತಿಯನ್ನು ಕೈಯಲ್ಲಿ ಹಿಡಿದು ಚುಕುರ್‌ಜುಮಾದ ಬಾಗಿಲಿಗೆ ಬಂದವರಿಗೆ, ಆ ಪುಟದ ಮೇಲೆ ಮುದ್ರೆಯೊತ್ತಿ ಉಚಿತವಾಗಿ ಒಳಗೆ ಬಿಡುತ್ತಾರೆ. ಮೇಲಿನ ಮಾಳಿಗೆಯಲ್ಲಿ ಕೆಮಾಲನ ಮಂಚವಿದೆ. ಅಲ್ಲಿಯವರೆಗೂ ಹತ್ತಿ, ಕೆಳಗೆ ನೆಲದ ಮೇಲೆ ಬರೆದಿರುವ ಕಾಲದ ಸುರುಳಿಯನ್ನು ಇಣುಕಿ ನೋಡಿ, ಬಂದವರು ಇಳಿಯುತ್ತಾರೆ. ಇಳಿದವರಿಗೆ ಕಡೆಗೆ ಮತ್ತೆ ಎದುರಾಗುವುದು ಒಂದನೆಯ ಅಧ್ಯಾಯದ ಪೆಟ್ಟಿಗೆ. ಅದರಲ್ಲಿ ಒಂದು ಓಲೆಯಿದೆ.