ಪ್ರಶ್ನೆ ಮೊದಲೇ ಗೊತ್ತಿದ್ದರೆ? ಬೆಲ್ ಪರೀಕ್ಷೆ ನಿಂತಿರುವ ಒಂದು ಷರತ್ತು

ಒಂದೇ ಮೂಲದಿಂದ ಜೋಡಿಯಾಗಿ ಹೊರಟ ಎರಡು ಫೋಟಾನ್‌ಗಳು ದೂರದೂರದ ಎರಡು ಪ್ರಯೋಗಾಲಯಗಳನ್ನು ಸೇರುತ್ತವೆ. ಎರಡೂ ಕಡೆ ಅಳತೆ ನಡೆಯುತ್ತದೆ. ಆಮೇಲೆ ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅವುಗಳ ಹೊಂದಾಣಿಕೆ ತುಂಬ ಬಲವಾಗಿರುತ್ತದೆ. ಕಣಗಳು ಹೊರಡುವಾಗಲೇ ಉತ್ತರ ಹೊತ್ತು ತಂದಿದ್ದವು ಎಂಬ ವಿವರಣೆ ಅದಕ್ಕೆ ಸಾಲುವುದಿಲ್ಲ. ಇದೇ ಕ್ವಾಂಟಮ್ ನಾನ್‌ಲೋಕಾಲಿಟಿ. ಇಂಥ ಕಣಜೋಡಿಗಳ ಪ್ರಯೋಗಗಳಿಗಾಗಿಯೇ ಅಲೇನ್ ಆಸ್ಪೆ, ಜಾನ್ ಕ್ಲೌಸರ್ ಮತ್ತು ಆಂಟನ್ ಸೈಲಿಂಗರ್ ಅವರಿಗೆ 2022ರ ಭೌತವಿಜ್ಞಾನದ ನೊಬೆಲ್ ಬಂತು.

ಈ ತೀರ್ಮಾನಕ್ಕೆ ಒಂದು ಷರತ್ತಿದೆ. ಯಾವ ಅಳತೆ ಮಾಡಬೇಕೆಂಬ ಆಯ್ಕೆಗೂ ಕಣಗಳು ಹೊತ್ತು ತಂದಿರಬಹುದಾದ ಗುಣಗಳಿಗೂ ಮೊದಲಿನಿಂದ ಯಾವ ನಂಟೂ ಇರಬಾರದು. ಈ ಷರತ್ತು ಸಡಿಲವಾದರೆ ಏನಾಗುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದಲೇ ನೋಡಬಹುದು.

ನಾಲ್ಕರಲ್ಲಿ ಮೂರು

ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ಮಂಡಿಸಿದ ಪ್ರಮೇಯವನ್ನು ಕ್ಲೌಸರ್, ಹಾರ್ನ್, ಶಿಮೊನಿ, ಹೋಲ್ಟ್ 1969ರಲ್ಲಿ ಪ್ರಯೋಗಕ್ಕೆ ಒಗ್ಗುವಂತೆ ರೂಪಿಸಿದರು. ಬೆಲ್ ಪರೀಕ್ಷೆ ಎಂದರೆ ಇದೇ. ಅದನ್ನು ಆಟದ ರೂಪದಲ್ಲಿ ಹೀಗೆ ಹೇಳಬಹುದು. ಎ ಮತ್ತು ಬಿ ಎಂಬ ಇಬ್ಬರು ಬೇರೆ ಬೇರೆ ಕೋಣೆಯಲ್ಲಿದ್ದಾರೆ. ಇಬ್ಬರಿಗೂ 0 ಅಥವಾ 1 ಎಂಬ ಪ್ರಶ್ನೆ ಬರುತ್ತದೆ, ಉತ್ತರವೂ 0 ಅಥವಾ 1. ಇಬ್ಬರಿಗೂ 1 ಬಂದರೆ ಉತ್ತರಗಳು ಬೇರೆಯಾಗಿರಬೇಕು. ಉಳಿದ ಮೂರು ಸಂದರ್ಭಗಳಲ್ಲಿ ಒಂದೇ ಆಗಿರಬೇಕು. ಆಟದ ನಡುವೆ ಮಾತಾಡುವಂತಿಲ್ಲ. ಮೊದಲೇ ಕೂತು ಉಪಾಯ ಹೂಡಲು ಅಡ್ಡಿಯಿಲ್ಲ.

ಇಬ್ಬರೂ ಯಾವಾಗಲೂ 0 ಎಂದರೆ ಮೂರು ಸಂದರ್ಭ ಗೆಲ್ಲುತ್ತಾರೆ, ಒಂದರಲ್ಲಿ ಸೋಲುತ್ತಾರೆ. ಆ ಒಂದನ್ನು ಸರಿಪಡಿಸಲು ಬಿ ತನಗೆ 1 ಬಂದಾಗ 1 ಎಂದು ಉತ್ತರಿಸಿದರೆ, ಎಗೆ 0 ಬಿಗೆ 1 ಬಂದ ಸಂದರ್ಭ ಕೈತಪ್ಪುತ್ತದೆ. ಹೇಗೆ ಬದಲಿಸಿದರೂ ಅಷ್ಟೆ. ಮೊದಲ ಮೂರು ಸಂದರ್ಭಗಳಲ್ಲಿ ಉತ್ತರ ಹೊಂದಿದರೆ ನಾಲ್ಕನೆಯದರಲ್ಲೂ ಹೊಂದಿಯೇ ತೀರುತ್ತದೆ, ಬೇರೆಯಾಗಲು ಸಾಧ್ಯವಿಲ್ಲ. ಹಾಗಾಗಿ ಗೆಲುವಿನ ಮಿತಿ ಶೇ 75.

ಈಗ ಇಬ್ಬರ ಕೈಗೂ ಜೋಡಿ ಫೋಟಾನ್‌ನ ಒಂದೊಂದು ಕಣ ಕೊಡೋಣ. ಪ್ರಶ್ನೆ 0 ಆದರೆ ಎ ತನ್ನ ಪೋಲರೈಸರನ್ನು (ಬೆಳಕಿನ ಕಂಪನದ ದಿಕ್ಕನ್ನು ಸೋಸುವ ಫಿಲ್ಟರನ್ನು) 0 ಡಿಗ್ರಿಗೆ, 1 ಆದರೆ 45 ಡಿಗ್ರಿಗೆ ತಿರುಗಿಸುತ್ತಾನೆ. ಬಿಯ ಕೋನಗಳು 22.5 ಮತ್ತು ಮೈನಸ್ 22.5. ಫೋಟಾನ್ ದಾಟಿದರೆ ಉತ್ತರ 1, ದಾಟದಿದ್ದರೆ 0. ಮೂರು ಸಂದರ್ಭಗಳಲ್ಲಿ ಕೋನಗಳ ಅಂತರ 22.5 ಡಿಗ್ರಿ, ನಾಲ್ಕನೆಯದರಲ್ಲಿ 67.5. ಕ್ವಾಂಟಮ್ ನಿಯಮದಂತೆ ಉತ್ತರ ಒಂದೇ ಆಗುವ ಸಂಭವ ಮೊದಲ ಮೂರರಲ್ಲಿ ಸುಮಾರು ಶೇ 85.4, ಕೊನೆಯದರಲ್ಲಿ ಕೇವಲ ಶೇ 14.6. ಅಂದರೆ ನಾಲ್ಕೂ ಸಂದರ್ಭಗಳಲ್ಲಿ ಗೆಲುವು ಶೇ 85.4. ಹಾಗೆಂದು ಈ ದಾರಿಯಲ್ಲಿ ಸಂದೇಶ ಕಳಿಸಲಾಗದು. ತನ್ನ ಉತ್ತರಗಳನ್ನಷ್ಟೇ ನೋಡುವವನಿಗೆ 0 ಮತ್ತು 1 ಸರಿಸಮವಾಗಿ ಕಾಣುತ್ತವೆ.

ಪ್ರಶ್ನೆಪತ್ರಿಕೆ ಸೋರಿದರೆ

ಪರೀಕ್ಷೆಗೆ ಮುಂಚೆಯೇ ಪ್ರಶ್ನೆಪತ್ರಿಕೆ ಸೋರಿದರೆ ಅಂಕಗಳಿಗೆ ಬೆಲೆಯಿಲ್ಲ. ಇಲ್ಲಿಯೂ ಹಾಗೆಯೇ. ಎರಡೂ ಪ್ರಶ್ನೆಗಳು ಕಣಗಳ ಮೂಲಕ್ಕೆ ಮೊದಲೇ ಗೊತ್ತಿದ್ದರೆ, ಪ್ರತಿ ಜೋಡಿಗೂ ಸರಿಯುತ್ತರ ಬರೆದು ಕಳಿಸಬಹುದು. ಆಗ ಗೆಲುವು ಶೇ 100, ಅದಕ್ಕೆ ಕ್ವಾಂಟಮ್ ನಿಯಮದ ಹಂಗೇ ಬೇಡ. ಪೂರ್ತಿ ಸೋರಬೇಕೆಂದೂ ಇಲ್ಲ. ಆಯ್ಕೆಗೂ ಕಣಕ್ಕೂ ಒಂದು ಬಿಟ್‌ನ (ಅಂದರೆ 0 ಅಥವಾ 1 ಎಂಬಷ್ಟು ಮಾಹಿತಿಯ) ಹದಿನೈದನೇ ಒಂದು ಭಾಗದಷ್ಟು ನಂಟಿದ್ದರೂ ಇಂಥ ಕಣಜೋಡಿಯ ನಡವಳಿಕೆಯನ್ನು ಪೂರ್ತಿ ಅನುಕರಿಸಬಹುದೆಂದು ಭೌತವಿಜ್ಞಾನಿ ಮೈಕಲ್ ಹಾಲ್ 2010ರಲ್ಲಿ ತೋರಿಸಿದರು.

ನಂಟಿರಬಾರದೆಂಬ ಈ ಷರತ್ತನ್ನು ‘ಸ್ವತಂತ್ರ ಆಯ್ಕೆ’ ಎಂದು ಕರೆದರೂ, ಮನುಷ್ಯನಿಗೆ ಸ್ವಂತ ಇಚ್ಛೆ ಇದೆಯೇ ಎಂಬ ತತ್ತ್ವಜಿಜ್ಞಾಸೆ ಇಲ್ಲಿ ಬೇಕಿಲ್ಲ. ಆಯ್ಕೆಯನ್ನು ಯಂತ್ರವೇ ಮಾಡಲಿ, ಅದಕ್ಕೂ ಕಣಕ್ಕೂ ನಂಟಿಲ್ಲದಿದ್ದರೆ ಸಾಕು. 1976ರಲ್ಲಿ ಶಿಮೊನಿ, ಹಾರ್ನ್, ಕ್ಲೌಸರ್ ಈ ಷರತ್ತನ್ನು ಎತ್ತಿ ತೋರಿಸಿದಾಗ, ಮರುವರ್ಷ ಬೆಲ್ ಕೊಟ್ಟ ಉತ್ತರದ ಸಾರವೂ ಹೆಚ್ಚುಕಡಿಮೆ ಇದೇ.

ಆಯ್ಕೆ ಯಾರ ಕೈಯಲ್ಲಿ?

ಆದ್ದರಿಂದ ಪ್ರಯೋಗಗಳ ಚರಿತ್ರೆಯೆಂದರೆ ಬಹುಪಾಲು ಆಯ್ಕೆಯನ್ನು ಕಣಗಳಿಂದ ದೂರವಿಡುವ ಚರಿತ್ರೆ. 1982ರಲ್ಲಿ ಆಸ್ಪೆ ತಂಡ ಫೋಟಾನ್‌ಗಳು ದಾರಿಯಲ್ಲಿರುವಾಗಲೇ ಅಳತೆ ಬದಲಿಸಿತು. ಆದರೆ ಆ ಬದಲಾವಣೆಗೆ ಒಂದು ಲಯವಿತ್ತು, ಅದು ಪೂರ್ತಿ ಯಾದೃಚ್ಛಿಕವಾಗಿರಲಿಲ್ಲ. 1998ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಸೈಲಿಂಗರ್ ತಂಡ ಅಳತೆಯ ಎರಡು ತಾಣಗಳನ್ನು 400 ಮೀಟರ್ ದೂರವಿಟ್ಟು, ಎರಡೂ ಕಡೆ ಯಾದೃಚ್ಛಿಕ ಸಂಖ್ಯೆ ಕೊಡುವ ಯಂತ್ರ ಕೂರಿಸಿತು. 2015ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಅಂತರ ಸುಮಾರು 1.3 ಕಿಲೋಮೀಟರ್‌ಗೆ ಏರಿತು.

ಯಂತ್ರವನ್ನೂ ನಂಬದಿದ್ದರೆ? 2016ರ ನವೆಂಬರ್ 30ರಂದು ಜಗತ್ತಿನ ಸುಮಾರು ಒಂದು ಲಕ್ಷ ಜನ ಆನ್‌ಲೈನ್ ಆಟದಲ್ಲಿ ಮನಸ್ಸಿಗೆ ಬಂದಂತೆ 0, 1 ಒತ್ತಿದರು. ‘ಬಿಗ್ ಬೆಲ್ ಟೆಸ್ಟ್’ ಹೆಸರಿನ ಆ ಪ್ರಯೋಗದಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಅದರಂತೆ ಅಳತೆ ಆರಿಸಿದವು. 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಲಾ ಪಾಲ್ಮಾ ದ್ವೀಪದ ದೂರದರ್ಶಕಗಳು ಎರಡು ಕ್ವೇಸಾರ್‌ಗಳತ್ತ, ಅಂದರೆ ಬಹುದೂರದ ಪ್ರಖರ ಗ್ಯಾಲಕ್ಸಿ ಕೇಂದ್ರಗಳತ್ತ, ಮುಖಮಾಡಿದವು. ಅಲ್ಲಿಂದ ಬಂದ ಫೋಟಾನ್ ಕೆಂಪಿನತ್ತಲೋ ನೀಲಿಯತ್ತಲೋ ಎಂಬುದರ ಮೇಲೆ ಅಳತೆ ತೀರ್ಮಾನವಾಗುತ್ತಿತ್ತು. ಆ ಎರಡರಲ್ಲಿ ಹತ್ತಿರದ ಕ್ವೇಸಾರ್‌ನ ಬೆಳಕು ಹೊರಟದ್ದೇ 780 ಕೋಟಿ ವರ್ಷಗಳ ಹಿಂದೆ. ಎಲ್ಲ ಕಡೆಯೂ ಮಿತಿ ಮುರಿಯಿತು.

ಪೂರ್ತಿ ಮುಚ್ಚದ ಕಿಂಡಿ

ಹಾಗಿದ್ದರೂ ಒಂದು ಕಿಂಡಿ ಉಳಿಯುತ್ತದೆ. ಮಹಾಸ್ಫೋಟದ ಹೊತ್ತಿಗೇ ಕ್ವೇಸಾರ್, ಯಂತ್ರ, ಕಣ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿದ್ದವು ಎಂದು ಯಾರಾದರೂ ವಾದಿಸಿದರೆ ಪ್ರಯೋಗದಿಂದ ಅದನ್ನು ಅಲ್ಲಗಳೆಯಲಾಗದು. ಇದೇ ಸೂಪರ್‌ಡಿಟರ್ಮಿನಿಸಂ. ನೊಬೆಲ್ ಪುರಸ್ಕೃತ ಗೆರಾರ್ಡ್ ಟ್ ಹೂಫ್ಟ್ ಈ ದಿಕ್ಕಿನಲ್ಲಿ ಗಂಭೀರವಾಗಿ ಚಿಂತಿಸಿದ್ದಾರೆ. ಆದರೆ ಇದನ್ನು ಒಪ್ಪಿದರೆ ತೆರಬೇಕಾದ ಬೆಲೆ ದೊಡ್ಡದು. ಹೊಸ ಔಷಧವನ್ನು ಪರೀಕ್ಷಿಸುವಾಗ ಯಾರಿಗೆ ಔಷಧ, ಯಾರಿಗೆ ಬರೀ ಸಕ್ಕರೆ ಮಾತ್ರೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಆ ಚೀಟಿಗೂ ರೋಗಿಯ ದೇಹಸ್ಥಿತಿಗೂ ಗುಪ್ತ ನಂಟಿದೆ ಎಂದರೆ ಆ ಪರೀಕ್ಷೆಯಿಂದ ಏನನ್ನೂ ಹೇಳಲಾಗದು.

ಆಯ್ಕೆಯ ಈ ಷರತ್ತು ಬರೀ ಸಿದ್ಧಾಂತದ ಮಾತೂ ಅಲ್ಲ. ಸಾಧನ ತಯಾರಿಸಿದವರನ್ನೇ ನಂಬಬೇಕಿಲ್ಲದ ಗುಪ್ತಲಿಪಿ ವ್ಯವಸ್ಥೆಯನ್ನು 2022ರಲ್ಲಿ ಆಕ್ಸ್‌ಫರ್ಡ್ ಮತ್ತು ಮ್ಯೂನಿಕ್ ತಂಡಗಳು ಬೆಲ್ ಪರೀಕ್ಷೆಯ ಬಲದ ಮೇಲೆ ಮಾಡಿ ತೋರಿಸಿದವು. ಅಲ್ಲಿ ಅಳತೆಯ ಆಯ್ಕೆಯನ್ನು ಬೇರೆಯವರು ಮೊದಲೇ ಊಹಿಸಬಹುದಾದರೆ ಭದ್ರತೆ ಕುಸಿಯುತ್ತದೆ.

ಆದ್ದರಿಂದ ಕ್ವಾಂಟಮ್ ಭದ್ರತೆಯ ಭರವಸೆ ಕೊಡುವ ಯಾವ ಸುದ್ದಿ ಓದಿದರೂ ಒಂದು ಪ್ರಶ್ನೆ ಕೇಳಿ: ಅಳತೆಯನ್ನು ಆರಿಸಿದ್ದು ಯಾರು, ಹೇಗೆ? ಉತ್ತರ ಎಷ್ಟು ಗಟ್ಟಿಯೋ ಆ ಭರವಸೆಯೂ ಅಷ್ಟೇ ಗಟ್ಟಿ.