ವರಂಗ ಕೆರೆಬಸದಿ ಯಾತ್ರೆ: ಮೊದಲು ದೋಣಿ, ಆಮೇಲೆ ಬೆಟ್ಟ

ಉಡುಪಿ ಜಿಲ್ಲೆಯ ಕಾರ್ಕಳ–ಹೆಬ್ರಿ ರಸ್ತೆಯಲ್ಲಿ ವರಂಗ ಕ್ಷೇತ್ರವಿದೆ. ಇಲ್ಲಿಯ ಕೆರೆಯ ನಡುವೆ ಚತುರ್ಮುಖ ಬಸದಿಯಿದ್ದು, ಅಲ್ಲಿಗೆ ಹೋಗಲು ದೋಣಿಯೊಂದೇ ದಾರಿ. ನಾಲ್ಕು ದಿಕ್ಕಿಗೂ ಜಿನಬಿಂಬಗಳಿವೆ. ಪದ್ಮಾವತಿ ದೇವಿಯ ಸನ್ನಿಧಿಯೂ ಇದೆ. ಊರಲ್ಲಿ ನೇಮಿನಾಥ ಬಸದಿಯ ದರ್ಶನವೂ ಆಗುತ್ತದೆ. ಕ್ಷೇತ್ರದ ಆಡಳಿತ ಹೊಂಬುಜ ಜೈನ ಮಠಕ್ಕೆ ಸೇರಿದ್ದು.

ಹಿರೇಹಡಗಲಿ, ಹರಪನಹಳ್ಳಿ ಕಡೆಯವರು ರಾತ್ರಿ ಹೊರಟು ಹರಿಹರ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಾಟಿ, ಹೆಬ್ರಿ ಮಾರ್ಗವಾಗಿ ಬಂದರೆ ಕಾರ್ಕಳಕ್ಕಿಂತ ಮೊದಲು ವರಂಗ ಸಿಗುತ್ತದೆ. ಕೆಲವರು ಇದನ್ನು ದಾಟಿ ಕಾರ್ಕಳಕ್ಕೆ ಹೋಗಿ, ಸಂಜೆ ಮರಳುವಾಗ ನೋಡೋಣ ಎನ್ನುತ್ತಾರೆ. ಅಲ್ಲೇ ಲೆಕ್ಕ ತಪ್ಪುವುದು. ದೋಣಿ ಚಿಕ್ಕದು, ಒಂದು ಬಸ್ಸಿನ ಜನ ಹಲವು ಸರದಿಯಲ್ಲಿ ಹೋಗಿ ಬರಬೇಕು. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮದವರಿಗೆ ಆಗ ದರ್ಶನವೋ ಊಟವೋ ಎಂಬ ಇಕ್ಕಟ್ಟು. ದರ್ಶನ ತಪ್ಪಿಸಿಕೊಂಡು ದಡದಲ್ಲೇ ಉಳಿಯುವವರು ಬಹುಪಾಲು ಹಿರಿಯರು.

ಆದ್ದರಿಂದ ಬೆಳಗಿನ ಹೊತ್ತನ್ನು ವರಂಗಕ್ಕೇ ಇಡಿ. ಹಿರಿಯರಿಗೆ ಮೊದಲ ಸರದಿ ಕೊಡಿ, ಪ್ರತಿ ಸರದಿಗೂ ಒಬ್ಬ ಸ್ವಯಂಸೇವಕರಿರಲಿ. ಅಂಬಿಗರು ಹೇಳಿದಷ್ಟೇ ಜನ ಹತ್ತಬೇಕು. ದೋಣಿಯಲ್ಲಿ ಎದ್ದು ನಿಲ್ಲುವುದು, ಫೋಟೋಕ್ಕಾಗಿ ಒಂದೇ ಬದಿಗೆ ವಾಲುವುದು ಬೇಡ. ಕೆರೆಗೆ ಏನನ್ನೂ ಎಸೆಯಬೇಡಿ. ಅದು ಜಲಚರಗಳ ಮನೆ. ಮಳೆಗಾಲವಾದರೆ ದೋಣಿ, ಘಾಟಿ ಎರಡರ ಸ್ಥಿತಿಯನ್ನೂ ಹೊರಡುವ ಮೊದಲೇ ವಿಚಾರಿಸಿ.

ಮಧ್ಯಾಹ್ನ ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠೆಯಾದ 42 ಅಡಿ ಎತ್ತರದ ಬಾಹುಬಲಿ, 1586ರ ಚತುರ್ಮುಖ ಬಸದಿ ನೋಡಿ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಬಹುದು.