ಊರು ಬಿಡದ ತಿಮಿಂಗಿಲಗಳ ಬೆನ್ನುಹತ್ತಿದ ಆಶಾ

ಮಗನೋ ಮಗಳೋ ಎಸ್ಸೆಸ್ಸೆಲ್ಸಿ ಮುಗಿಸಿದೊಡನೆ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ಮುಂದೆ ಡಾಕ್ಟರೋ, ಎಂಜಿನಿಯರೋ? ‘ತಿಮಿಂಗಿಲಗಳ ಬಗ್ಗೆ ಓದುತ್ತೇನೆ’ ಎಂದು ಆ ಹುಡುಗ ಅಥವಾ ಹುಡುಗಿ ಉತ್ತರ ಕೊಟ್ಟರೆ ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ಇಲ್ಲವೇ ‘ಅದರಿಂದ ಹೊಟ್ಟೆ ತುಂಬುತ್ತದೆಯೇ?’ ಎಂದು ಇನ್ನೊಂದು ಪ್ರಶ್ನೆ ಹಾಕುತ್ತಾರೆ. ನೆರೆಯ ಶ್ರೀಲಂಕಾದಲ್ಲೂ ಇದೇ ಮಾತು, ಇದೇ ಲೆಕ್ಕಾಚಾರ. ಸುತ್ತಲೂ ಸಮುದ್ರವಿರುವ ದ್ವೀಪದಲ್ಲೇ ಸಮುದ್ರಜೀವಿಗಳನ್ನು ಕುರಿತು ಓದುವುದು ವಿಚಿತ್ರವೆನಿಸಿತ್ತು! ಅಂಥ ಕಡೆ ಹುಟ್ಟಿದ ಆಶಾ ಡಿ ವೋಸ್ ಇಂದು ಉತ್ತರ ಹಿಂದೂ ಮಹಾಸಾಗರದ ನೀಲಿ ತಿಮಿಂಗಿಲಗಳ ವಿಷಯದಲ್ಲಿ ಜಗತ್ತು ಕಿವಿಗೊಡುವ ವಿಜ್ಞಾನಿ. ಸಾಗರ ಸಸ್ತನಿಗಳ ಸಂಶೋಧನೆಯಲ್ಲಿ ಪಿಎಚ್.ಡಿ. ಪಡೆದ ಮೊದಲ ಶ್ರೀಲಂಕಾ ಪ್ರಜೆ ಅವರು.

ಹಳೆಯ ಪತ್ರಿಕೆಗಳ ಹುಚ್ಚು

ಆಶಾ ಹುಟ್ಟಿದ್ದು 1979ರಲ್ಲಿ. ಅವರು ಚಿಕ್ಕವರಿದ್ದಾಗ ತಂದೆ ತಾಯಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಮನೆಗೆ ತರುತ್ತಿದ್ದರು. ಯಾರೋ ಓದಿ ಬಿಟ್ಟ ಆ ಪುಟಗಳನ್ನು ತಿರುವಿ ಹಾಕುತ್ತಾ, ಯಾರೂ ಹೋಗದ ಜಾಗಗಳಿಗೆ ಹೋಗಬೇಕು, ಯಾರೂ ಕಾಣದ್ದನ್ನು ಕಾಣಬೇಕು ಎಂದು ಹುಡುಗಿ ಕನಸು ಕಟ್ಟಿದಳು. ಮಗಳು ಹೀಗೆಂದಾಗ ಹೆತ್ತವರು ಗದರಲಿಲ್ಲ. ಪ್ರೀತಿಯ ಕೆಲಸವನ್ನೇ ಹಿಡಿ, ಆಗ ಅದನ್ನು ಚೆನ್ನಾಗಿ ಮಾಡುತ್ತೀಯೆ ಎಂಬುದು ಅವರ ನಿಲುವು. ಆಶಾ ತಮ್ಮ ಭಾಷಣಗಳಲ್ಲಿ ಈ ಮಾತನ್ನು ನೆನೆಯುವುದುಂಟು.

ಓದಲು ಅವರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯ ಸೇರಿದರು. ಮುಂದೆ ಆಕ್ಸ್‌ಫರ್ಡಿನಲ್ಲಿ ಸ್ನಾತಕೋತ್ತರ ಪದವಿ, ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಟ್ಟಿ ಓದುವಾಗ ದಾರಿ ನೇರವಾಗಿ ಕಾಣುತ್ತದೆ. ಆದರೆ ಈ ಪದವಿಗಳ ನಡುವೆ ಅವರು ಆಲೂಗೆಡ್ಡೆ ಹೊಲಗಳಲ್ಲಿ ದುಡಿದು ಹಣ ಕೂಡಿಸಿದ್ದೂ ಇದೆ. ಆ ದುಡ್ಡಿನಲ್ಲಿ ನ್ಯೂಜಿಲೆಂಡಿಗೆ ಹೋಗಿ ಪರಿಸರ ಸಂರಕ್ಷಣೆಯ ಕೆಲಸಗಳಿಗೆ ಸೇರಿಕೊಂಡರು. ಅಲ್ಲಿದ್ದಾಗಲೇ ‘ಒಡಿಸ್ಸಿ’ ಎಂಬ ಸಂಶೋಧನಾ ನೌಕೆ ಮಾಲ್ಡೀವ್ಸ್ ಮತ್ತು ಶ್ರೀಲಂಕಾ ಕಡೆ ಬರಲಿದೆ ಎಂಬ ಸುದ್ದಿ ಸಿಕ್ಕಿತು.

ತಿಮಿಂಗಿಲಗಳ ಹಾಡನ್ನು ಜಗತ್ತಿಗೆ ಪರಿಚಯಿಸಿದ ಅಮೆರಿಕದ ವಿಜ್ಞಾನಿ ರೋಜರ್ ಪೇನ್ ಕಟ್ಟಿದ ‘ಓಷನ್ ಅಲಯನ್ಸ್’ ಸಂಸ್ಥೆಯ ನೌಕೆ ಅದು. ಸಾಗರಗಳಲ್ಲಿ ಸೇರಿರುವ ವಿಷವಸ್ತುಗಳನ್ನು ಅಳೆಯಲು 2000ದಿಂದ 2005ರವರೆಗೆ ಅದು ಲೋಕ ಸುತ್ತಿತು. ‘ನನ್ನನ್ನೂ ಕರೆದುಕೊಳ್ಳಿ’ ಎಂದು ಆಶಾ ಪತ್ರ ಬರೆದರು. ಉತ್ತರ ಬರಲಿಲ್ಲ. ಮತ್ತೆ ಬರೆದರು. ಹೀಗೆ ಮೂರು ತಿಂಗಳು, ದಿನಕ್ಕೊಂದರಂತೆ! ಕೊನೆಗೆ ಅವರ ಹಟಕ್ಕೆ ಸೋತು ನೌಕೆಯವರು ಜಾಗ ಕೊಟ್ಟರು.

ನೀರಿನ ಮೇಲೆ ಕೆಂಪು ರಾಡಿ

2003ರಲ್ಲಿ ಶ್ರೀಲಂಕಾದ ದಕ್ಷಿಣ ಕರಾವಳಿಯಾಚೆ ಒಂದು ಕಡೆ ಆರು ನೀಲಿ ತಿಮಿಂಗಿಲಗಳು ಒಟ್ಟಿಗೆ ಕಂಡವು. ಹತ್ತಿರದಲ್ಲೇ ನೀರಿನ ಮೇಲೆ ಕಡುಕೆಂಪು ರಾಡಿ ತೇಲುತ್ತಿತ್ತು. ಅದು ತಿಮಿಂಗಿಲದ ಮಲ. ಮೂಗು ಮುಚ್ಚಿಕೊಂಡು ಮುಂದೆ ಸಾಗಬಹುದಾಗಿದ್ದ ಆ ದೃಶ್ಯವೇ ಆಶಾರ ಬದುಕಿನ ದಿಕ್ಕನ್ನು ನಿರ್ಧರಿಸಿತು.

ಮಲದಲ್ಲಿ ಅಂಥದ್ದೇನಿತ್ತು? ಪಠ್ಯಪುಸ್ತಕದ ಪ್ರಕಾರ ದೊಡ್ಡ ತಿಮಿಂಗಿಲಗಳು ಬೇಸಗೆಯಲ್ಲಿ ಧ್ರುವಗಳ ಕಡೆಯ ತಣ್ಣನೆಯ ನೀರಿಗೆ ಹೋಗಿ ಹೊಟ್ಟೆ ತುಂಬಾ ತಿನ್ನುತ್ತವೆ. ಚಳಿಗಾಲಕ್ಕೆ ಉಷ್ಣವಲಯಕ್ಕೆ ಬಂದು ಮರಿ ಹಾಕುತ್ತವೆ. ಬೆಚ್ಚಗಿನ ನೀರಿನಲ್ಲಿ ಅವಕ್ಕೆ ಹೆಚ್ಚು ಆಹಾರ ಸಿಗುವುದಿಲ್ಲ. ಹಾಗಿದ್ದರೆ ಸಮಭಾಜಕ ವೃತ್ತಕ್ಕೆ ಇಷ್ಟು ಹತ್ತಿರದಲ್ಲಿ ಇಷ್ಟೊಂದು ಮಲ ಎಲ್ಲಿಂದ ಬಂತು? ತಿನ್ನದೆ ಮಲವಿಲ್ಲ. ಅಂದರೆ ಇವು ಇಲ್ಲೇ ತಿನ್ನುತ್ತಿವೆ!

ಹಾಗೆಂದು ಇಲ್ಲಿ ನೀಲಿ ತಿಮಿಂಗಿಲಗಳನ್ನು ಯಾರೂ ಕಂಡೇ ಇರಲಿಲ್ಲ ಎಂದಲ್ಲ. ಮೀನುಗಾರರಿಗೆ ಅವು ಗೊತ್ತಿದ್ದವು. 1980ರ ದಶಕದ ಆರಂಭದಲ್ಲಿ ವಿದೇಶಿ ಸಂಶೋಧಕರು ‘ಟುಲಿಪ್’ ಎಂಬ ಹಾಯಿನೌಕೆಯಲ್ಲಿ ಬಂದು ತ್ರಿಕೋಣಮಲೆಯ ಬಳಿ ಅವುಗಳನ್ನು ನೋಡಿ ಹೋಗಿದ್ದರು. ಆದರೆ 1983ರಲ್ಲಿ ದ್ವೀಪದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಯುದ್ಧ ಮುಗಿದದ್ದು 2009ರಲ್ಲಿ. ಅಲ್ಲಿಯವರೆಗೆ ಬೆನ್ನುಹತ್ತಿ ವರ್ಷಗಟ್ಟಲೆ ಅಭ್ಯಾಸ ಮಾಡುವವರು ಇರಲಿಲ್ಲ. ಆ ಕೆಲಸಕ್ಕೆ ಆಶಾ ಕೈಹಾಕಿದರು. 2008ರಲ್ಲಿ ‘ಶ್ರೀಲಂಕಾ ನೀಲಿ ತಿಮಿಂಗಿಲ ಯೋಜನೆ’ ಶುರುವಾಯಿತು.

ಸಂಪ್ರದಾಯ ಮುರಿದ ಪ್ರಾಣಿಗಳು

ನೀಲಿ ತಿಮಿಂಗಿಲ ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿ. ದಕ್ಷಿಣ ಧ್ರುವದ ಕಡೆಯವು ಸುಮಾರು 30 ಮೀಟರ್ ಉದ್ದ ಬೆಳೆಯುತ್ತವೆ. ನಮ್ಮ ಸಾಗರದವು ಅದಕ್ಕಿಂತ ಕೆಲವು ಮೀಟರ್ ಗಿಡ್ಡ. ನೆತ್ತಿಯ ಮೇಲೆ ಚಿಮ್ಮುವ ಚಿಲುಮೆ ಅವು ಕುಡಿದ ನೀರೇನಲ್ಲ, ಬಿಟ್ಟ ಉಸಿರಿನ ಹಬೆ. ಇಷ್ಟು ದೊಡ್ಡ ಜೀವ ತಿನ್ನುವುದು ಮಾತ್ರ ಬೆರಳಿಗಿಂತ ಚಿಕ್ಕ ಸೀಗಡಿಯಂಥ ಜೀವಿಗಳನ್ನು, ಅದೂ ದಿನಕ್ಕೆ ಟನ್‌ಗಟ್ಟಲೆ.

ಅಷ್ಟು ಆಹಾರ ಶ್ರೀಲಂಕಾದ ಬಳಿ ಹೇಗೆ ಸಿಗುತ್ತದೆ ಎಂಬುದೇ ಆಶಾರ ಪಿಎಚ್.ಡಿ. ಅಧ್ಯಯನದ ತಿರುಳು. ದ್ವೀಪದ ದಕ್ಷಿಣಕ್ಕೆ ದಡದಿಂದ ಸ್ವಲ್ಪ ದೂರ ಹೋಗುವುದರೊಳಗೆ ಸಮುದ್ರದ ತಳ ಥಟ್ಟನೆ ಕುಸಿದು ಆಳವಾಗುತ್ತದೆ. ಮುಂಗಾರು, ಹಿಂಗಾರುಗಳೊಂದಿಗೆ ದಿಕ್ಕು ಬದಲಿಸುವ ಪ್ರವಾಹಗಳು ಇಲ್ಲಿ ತಳದ ತಣ್ಣನೆಯ, ಸಾರವತ್ತಾದ ನೀರನ್ನು ಮೇಲೆತ್ತುತ್ತವೆ. ಆ ಸಾರಕ್ಕೆ ಬರಿಗಣ್ಣಿಗೆ ಕಾಣದ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಸಸ್ಯಗಳನ್ನು ತಿನ್ನಲು ಸಣ್ಣ ಜೀವಿಗಳು ಬರುತ್ತವೆ, ಅವನ್ನು ತಿನ್ನಲು ತಿಮಿಂಗಿಲ ಬರುತ್ತದೆ. ಮಳೆಗಾಲವನ್ನೇ ನಂಬಿ ಬೇಸಾಯ ಮಾಡುವ ನಮ್ಮ ರೈತರಂತೆ ಈ ತಿಮಿಂಗಿಲಗಳ ಊಟಕ್ಕೂ ಮಾನ್ಸೂನೇ ಆಸರೆ!

ಆಶಾ ಮತ್ತು ಸಂಗಡಿಗರು ತೇಲುವ ಮಲವನ್ನು ಬಲೆಯಲ್ಲಿ ಬಾಚಿ ಪ್ರಯೋಗಾಲಯಕ್ಕೆ ಒಯ್ದರು. ಅದರಲ್ಲಿ ಉಳಿದ ಡಿಎನ್‌ಎಯನ್ನು ಪರೀಕ್ಷಿಸಿದಾಗ ಇನ್ನೊಂದು ಅಚ್ಚರಿ ಕಾದಿತ್ತು. ಬೇರೆ ಸಾಗರಗಳ ನೀಲಿ ತಿಮಿಂಗಿಲಗಳ ಮುಖ್ಯ ಆಹಾರ ‘ಕ್ರಿಲ್’ ಎಂಬ ಜೀವಿ. ಇಲ್ಲಿನವು ಹೆಚ್ಚಾಗಿ ತಿಂದದ್ದು ‘ಸರ್ಜೆಸ್ಟಿಡ್’ ಗುಂಪಿನ ಸೀಗಡಿಗಳನ್ನು. 2018ರಲ್ಲಿ ಈ ವರದಿ ಪ್ರಕಟವಾಯಿತು.

ಉತ್ತರಕ್ಕೆ ಏಷ್ಯಾದ ನೆಲ ಅಡ್ಡಗಟ್ಟಿರುವುದರಿಂದ ಹಿಂದೂ ಮಹಾಸಾಗರದ ತಿಮಿಂಗಿಲಗಳಿಗೆ ಉತ್ತರ ಧ್ರುವದ ದಾರಿಯಿಲ್ಲ. ದಕ್ಷಿಣಕ್ಕೂ ಇವು ಅಷ್ಟು ದೂರ ಹೋಗುವುದಿಲ್ಲ. ವರ್ಷವಿಡೀ ಸಾಗರದ ಉತ್ತರ ಭಾಗದಲ್ಲೇ ಓಡಾಡಿಕೊಂಡಿರುತ್ತವೆ. ಇವುಗಳ ಹಾಡಿನ ಧಾಟಿಯೂ ಬೇರೆಯೇ. ಆಹಾರ, ದಾರಿ, ದನಿ ಎಲ್ಲದರಲ್ಲೂ ರೂಢಿ ಬಿಟ್ಟ ಇವನ್ನು ಆಶಾ ‘ಸಂಪ್ರದಾಯ ಮುರಿದ ತಿಮಿಂಗಿಲಗಳು’ ಎಂದು ಕರೆದರು.

ಮಲದ ಕಥೆ ಅಲ್ಲಿಗೆ ಮುಗಿಯಲಿಲ್ಲ. ತಿಮಿಂಗಿಲ ಆಳದಲ್ಲಿ ತಿಂದು ಮೇಲ್ಮೈಯಲ್ಲಿ ಮಲ ಬಿಡುತ್ತದೆ. ಅದರಲ್ಲಿರುವ ಕಬ್ಬಿಣ, ಸಾರಜನಕಗಳು ತೇಲುವ ಸಸ್ಯಗಳಿಗೆ ಗೊಬ್ಬರವಾಗುತ್ತವೆ. ಕೊಟ್ಟಿಗೆ ಗೊಬ್ಬರ ಹೊಲಕ್ಕೆ ಹೇಗೋ ಹಾಗೆ. ತಿಮಿಂಗಿಲ ಸತ್ತು ತಳ ಸೇರಿದರೆ ಅದರ ದೇಹ ಅಲ್ಲಿನ ಜೀವಿಗಳಿಗೆ ವರ್ಷಗಟ್ಟಲೆ ಊಟ. ತಿಮಿಂಗಿಲವನ್ನು ಉಳಿಸಿ ಎಂದು ಕೇಳುವಾಗ ಆಶಾ ಮುಂದಿಡುವ ವಾದವೂ ಇದೇ. ಅದು ನೋಡಲು ಚೆಂದವೆಂದಷ್ಟೇ ಅಲ್ಲ, ಕಡಲಿನ ಸಂಸಾರ ತೂಗಿಸುವ ದುಡಿಮೆಗಾರ ಪ್ರಾಣಿ ಎಂದು.

ಈಟಿ ಹೋಯಿತು, ಹಡಗು ಬಂತು

ಒಂದು ಕಾಲಕ್ಕೆ ತಿಮಿಂಗಿಲಗಳ ಶತ್ರು ಬೇಟೆಗಾರ. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣಾರ್ಧ ಗೋಳವೊಂದರಲ್ಲೇ 3 ಲಕ್ಷಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳು ಬಲಿಯಾದವು. ಉತ್ತರ ಹಿಂದೂ ಮಹಾಸಾಗರದಲ್ಲೂ 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಕದ್ದುಮುಚ್ಚಿ ಸುಮಾರು 1,300 ನೀಲಿ ತಿಮಿಂಗಿಲಗಳನ್ನು ಕೊಂದವು. 1979ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮವೆಂದು ಸಾರಿತು. 1982ರಲ್ಲಿ ವಾಣಿಜ್ಯ ಬೇಟೆಯನ್ನೇ ನಿಲ್ಲಿಸಲು ತೀರ್ಮಾನಿಸಿತು.

ಬೇಟೆ ನಿಂತರೂ ಸಾವು ನಿಲ್ಲಲಿಲ್ಲ. ಸೂಯೆಜ್ ಕಡೆಯಿಂದ ಸಿಂಗಪುರದ ಕಡೆಗೆ ಹೋಗುವ ಹಡಗುಗಳು ಶ್ರೀಲಂಕಾದ ದಕ್ಷಿಣ ತುದಿಯಾದ ದೊಂಡ್ರಾ ಭೂಶಿರವನ್ನು ಬಳಸಿ ಸಾಗುತ್ತವೆ. ಜಗತ್ತಿನ ಅತ್ಯಂತ ನಿಬಿಡ ಹಡಗುಮಾರ್ಗಗಳಲ್ಲಿ ಇದೂ ಒಂದು. ತಿಮಿಂಗಿಲಗಳ ಊಟದ ಜಾಗವೂ ಅದೇ! ದೊಡ್ಡ ಹಡಗಿನ ಮೇಲಿರುವವರಿಗೆ ಮೂತಿಯ ಕೆಳಗಿನ ತಿಮಿಂಗಿಲ ಕಾಣುವುದಿಲ್ಲ. ತಿಮಿಂಗಿಲಕ್ಕೂ ಥಟ್ಟನೆ ಪಕ್ಕಕ್ಕೆ ಸರಿಯುವ ಚುರುಕಿಲ್ಲ. 2012ರಲ್ಲಿ ಕೊಲಂಬೊ ಬಂದರಿಗೆ ಬಂದ ಸರಕು ಹಡಗೊಂದರ ಮೂತಿಗೆ ನೀಲಿ ತಿಮಿಂಗಿಲದ ದೇಹ ಸಿಕ್ಕಿಕೊಂಡಿತ್ತು. ಡಿಕ್ಕಿ ತಿಂದ ಎಷ್ಟೋ ತಿಮಿಂಗಿಲಗಳು ಯಾರ ಕಣ್ಣಿಗೂ ಬೀಳದೆ ಮುಳುಗಿಹೋಗುತ್ತವೆ. ಎರಡು ಮೂರು ವರ್ಷಕ್ಕೊಂದು ಮರಿ ಹಾಕುವ ಪ್ರಾಣಿಯಲ್ಲಿ ಒಂದೊಂದು ಸಾವೂ ದೊಡ್ಡ ನಷ್ಟ.

ಇಂಥ ಸಾವುಗಳನ್ನು ಆಶಾ ದಾಖಲಿಸಿದರು, ಪ್ರಬಂಧ ಬರೆದರು, ಅಧಿಕಾರಿಗಳನ್ನೂ ಹಡಗು ಉದ್ಯಮದವರನ್ನೂ ಎಡತಾಕಿದರು. ಪರಿಹಾರ ಕೇಳಲು ಸರಳ: ಹಡಗುಗಳು ಸ್ವಲ್ಪ ದಕ್ಷಿಣಕ್ಕೆ ಸರಿದು ಹೋಗಲಿ. ಮಾರ್ಗವನ್ನು 15 ನಾಟಿಕಲ್ ಮೈಲಿ, ಅಂದರೆ ಸುಮಾರು 28 ಕಿಲೋಮೀಟರ್ ಸರಿಸಿದರೆ ಡಿಕ್ಕಿಯ ಅಪಾಯ ಶೇಕಡ 95ರಷ್ಟು ತಗ್ಗುತ್ತದೆಂದು ಇತರ ಸಂಶೋಧಕರ ತಂಡವೊಂದು 2016ರಲ್ಲಿ ಲೆಕ್ಕ ಹಾಕಿ ತೋರಿಸಿತು. ಆದರೆ ಸಮುದ್ರದಲ್ಲಿ ಗೆರೆ ಸರಿಸುವುದು ಕಾಗದದ ಮೇಲೆ ಸರಿಸಿದಷ್ಟು ಸುಲಭವಲ್ಲ. ಸರ್ಕಾರಗಳು, ಬಂದರುಗಳು, ಕಂಪನಿಗಳು ಎಲ್ಲ ಒಪ್ಪಬೇಕು. 2022ರ ಮಧ್ಯದಲ್ಲಿ ಜಗತ್ತಿನ ಅತಿ ದೊಡ್ಡ ಸರಕು ಹಡಗು ಕಂಪನಿಗಳಲ್ಲೊಂದಾದ ಎಂಎಸ್‌ಸಿ ತಾನಾಗಿಯೇ ತನ್ನ ಹಡಗುಗಳನ್ನು ದಕ್ಷಿಣಕ್ಕೆ ಸರಿಸಿ ನಡೆಸತೊಡಗಿತು. ಒಂದು ಕಂಪನಿ ಸರಿದರೆ ಸಾಲದು. ಆದರೂ ಅದು ದೊಡ್ಡ ಹೆಜ್ಜೆಯೇ.

ದಡದಲ್ಲಿರುವವರ ವಿಜ್ಞಾನ

ಆಶಾರ ಇನ್ನೊಂದು ಹೋರಾಟ ವಿಜ್ಞಾನಿಗಳ ಜೊತೆಗೇ. ಶ್ರೀಮಂತ ದೇಶಗಳ ಸಂಶೋಧಕರು ಬಡ ದೇಶಗಳ ಕರಾವಳಿಗೆ ಬಂದು, ಮಾಹಿತಿ ಕಲೆಹಾಕಿಕೊಂಡು, ಸ್ಥಳೀಯರಿಗೆ ಏನನ್ನೂ ಕಲಿಸದೆ ಹೊರಟುಹೋಗುತ್ತಾರೆ. ಇದಕ್ಕೆ ‘ಪ್ಯಾರಾಚೂಟ್ ವಿಜ್ಞಾನ’ ಎಂದು ಹೆಸರು. ಆಕಾಶದಿಂದ ಇಳಿದಂತೆ ಬಂದು ಹೋಗುವವರಿಂದ ಕಡಲು ಉಳಿಯುವುದಿಲ್ಲ, ಪ್ರತಿ ಕರಾವಳಿಗೂ ಅಲ್ಲಿಯವನೇ ಆದ ಕಾವಲುಗಾರ ಬೇಕು ಎಂದು ಆಶಾ ವಾದಿಸುತ್ತಾರೆ. ಹಾಗೆಂದೇ ಅವರು 2017ರಲ್ಲಿ ‘ಓಷನ್‌ಸ್ವೆಲ್’ ಸಂಸ್ಥೆ ಕಟ್ಟಿ ಶ್ರೀಲಂಕಾದ ಎಳೆಯರಿಗೆ ತರಬೇತಿ ಕೊಡತೊಡಗಿದರು. 2018ರಲ್ಲಿ ಬಿಬಿಸಿ ಆರಿಸಿದ ನೂರು ಮಹಿಳೆಯರ ಪಟ್ಟಿಯಲ್ಲಿ ಅವರ ಹೆಸರಿತ್ತು.

ಈ ಮಾತು ನಮಗೂ ಸಲ್ಲುತ್ತದೆ. ಲಕ್ಷದ್ವೀಪದ ಕವರತ್ತಿಯ ಬಳಿ ನೀರೊಳಗೆ ಧ್ವನಿಗ್ರಾಹಕ ಇಳಿಬಿಟ್ಟ ಸಂಶೋಧಕಿ ದಿವ್ಯಾ ಪಣಿಕ್ಕರ್‌ಗೆ ಕೇಳಿಸಿದ್ದು ಶ್ರೀಲಂಕಾದ ನೀಲಿ ತಿಮಿಂಗಿಲಗಳದೇ ಹಾಡು. 2021ರ ಸುಮಾರಿಗೆ ಆ ವಿಷಯ ಬೆಳಕಿಗೆ ಬಂತು. ಕಾರವಾರ, ಮಲ್ಪೆ, ಮಂಗಳೂರಿನ ಎದುರಿಗಿರುವುದೂ ಅದೇ ಅರಬ್ಬಿ ಸಮುದ್ರ. ನಮ್ಮ ಕರಾವಳಿಯಲ್ಲಿ ಆಗೊಮ್ಮೆ ಈಗೊಮ್ಮೆ ತಿಮಿಂಗಿಲದ ಕಳೇಬರ ದಡಕ್ಕೆ ಬಂದು ಬೀಳುತ್ತದೆ. ಜನ ಜಾತ್ರೆಯಂತೆ ಸೇರಿ ನೋಡಿ ಹೋಗುತ್ತಾರೆ. ಅದು ಯಾವ ಜಾತಿಯದು, ಹೇಗೆ ಸತ್ತಿತು, ಏನು ತಿಂದಿತ್ತು ಎಂದು ಕೇಳಿ ಬರೆದಿಡುವವರು ಮಾತ್ರ ಕಡಿಮೆ.

ಆಸಕ್ತಿಯಿರುವ ವಿದ್ಯಾರ್ಥಿಗಳಿಗೆ ದಾರಿ ದೂರವೇನಿಲ್ಲ. ಪಿಯುಸಿಯಲ್ಲಿ ಜೀವವಿಜ್ಞಾನ ಓದಿದವರು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಪದವಿ ಮಾಡಬಹುದು. ಬಿ.ಎಸ್ಸಿ. ನಂತರ ಸಾಗರ ಜೀವವಿಜ್ಞಾನವನ್ನು ಓದಲು ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗವಿದೆ. ಗಣಿತ ಬೇಡವೆಂದು ಈ ಕಡೆ ಬರುವಂತಿಲ್ಲ. ತಿಮಿಂಗಿಲ ಎಣಿಸಲು ಸಂಖ್ಯಾಶಾಸ್ತ್ರವೂ ಕಂಪ್ಯೂಟರೂ ಬೇಕು. ದೋಣಿಯಲ್ಲಿ ಕಳೆಯುವ ದಿನಗಳಿಗಿಂತ ಮೇಜಿನ ಮುಂದೆ ಫೋಟೋಗಳನ್ನು ಹೋಲಿಸುತ್ತಾ ಕಳೆಯುವ ದಿನಗಳೇ ಹೆಚ್ಚು. ಏಕೆಂದರೆ ಪ್ರತಿ ನೀಲಿ ತಿಮಿಂಗಿಲದ ಮೈಮೇಲಿನ ಮಚ್ಚೆಗಳ ವಿನ್ಯಾಸ ಬೇರೆ ಬೇರೆ. ಅದನ್ನು ನೋಡಿಯೇ ಇದು ಹೋದ ವರ್ಷ ಬಂದದ್ದೋ, ಹೊಸದೋ ಎಂದು ಗುರುತಿಸಬೇಕು.

ಸಂಬಳದ ಲೆಕ್ಕದಲ್ಲಿ ಈ ವೃತ್ತಿ ಡಾಕ್ಟರು, ಎಂಜಿನಿಯರುಗಳ ಸಮ ಬರುವುದು ಕಷ್ಟ. ಮಕ್ಕಳಿಗೂ ಹೆತ್ತವರಿಗೂ ಅದು ಮೊದಲೇ ತಿಳಿದಿರುವುದು ಒಳ್ಳೆಯದು. ಆದರೆ ಕಡಲಂಚಿನ ಯಾವುದಾದರೂ ಊರಿನ ಹುಡುಗಿ ‘ತಿಮಿಂಗಿಲಗಳ ಬಗ್ಗೆ ಓದುತ್ತೇನೆ’ ಎಂದರೆ ನಗುವ ಬದಲು ಒಂದು ಹಳೆಯ ಪತ್ರಿಕೆಯನ್ನು ಅವಳ ಕೈಗಿಡಬಹುದು. ಆಶಾರ ತಂದೆ ತಾಯಿ ಮಾಡಿದ್ದು ಅಷ್ಟನ್ನೇ.